ಖಂಜಿರದ ಕೈಗೆ ಪಾಂಡೇರು

ಹದಿನೈದು ವರ್ಷ ಖಂಜಿರ ನುಡಿಸಿದವನಿಗೆ ಬ್ರೆಜಿಲಿನ ತಾಳವಾದ್ಯ ಪಾಂಡೇರು ಯಾವ ಲೆಕ್ಕ ಎಂದುಕೊಂಡಿದ್ದೆ. ಎರಡೂ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಾರಿಸುವ ವಾದ್ಯಗಳು, ಎರಡಕ್ಕೂ ಲೋಹದ ಬಿಲ್ಲೆಗಳಿವೆ. ಆ ಹಮ್ಮನ್ನು ಇಳಿಸಿದ್ದು 1993ರ ಒಂದು ಬ್ರೆಜಿಲಿಯನ್ ಆಲ್ಬಂ: ಗಾಯಕ ಲೆನೀನಿ ಮತ್ತು ತಾಳವಾದ್ಯಗಾರ ಮಾರ್ಕೊಸ್ ಸುಜಾನೊ ಸೇರಿ ಮಾಡಿದ ‘ಓಲ್ಯು ಜಿ ಪೇಶಿ’. ಮೀನಿನ ಕಣ್ಣು ಎಂದು ಅರ್ಥ.

ಮೊದಲ ಸಲ ಕೇಳಿದಾಗ ಹಿಂದೆ ಯಾರೋ ಪೂರ್ತಿ ಡ್ರಮ್ ಸೆಟ್ ಇಟ್ಟುಕೊಂಡು ಕುಳಿತಿದ್ದಾರೆ ಎಂದೇ ನಂಬಿದ್ದೆ. ಹೊಟ್ಟೆಗೆ ತಾಗುವ ಮಂದ್ರ, ನಡುವೆ ಚಟ್ಟೆಂಬ ಪೆಟ್ಟು, ಮೇಲೆ ನಿಲ್ಲದ ಕಿಣಿಕಿಣಿ. ಇದರ ಬಹುಪಾಲು ಬರುತ್ತಿದ್ದುದು ಒಂದೇ ಕೈಯಲ್ಲಿ ಹಿಡಿಯುವ ಒಂದು ಪಾಂಡೇರುವಿನಿಂದ. ಸುಜಾನೊ ಚರ್ಮವನ್ನು ಸಡಿಲಿಸಿ ಶ್ರುತಿ ತಗ್ಗಿಸುತ್ತಾರೆ, ಪುಟ್ಟ ಮೈಕನ್ನು ವಾದ್ಯಕ್ಕೇ ಸಿಕ್ಕಿಸುತ್ತಾರೆ. ಗಿಟಾರು, ದನಿ, ತಾಳ ಬಿಟ್ಟರೆ ಹೆಚ್ಚು ಗದ್ದಲವಿಲ್ಲದ ಧ್ವನಿಮುದ್ರಣವಾದ್ದರಿಂದ ಒಂದೊಂದು ಪೆಟ್ಟನ್ನೂ ಬಿಡಿಸಿ ಕೇಳಬಹುದು. ಕಲಿಯುವವನಿಗೆ ಇದಕ್ಕಿಂತ ಉಪಕಾರವಿಲ್ಲ.

ಹಳೆಯದೊಂದು ಹತ್ತು ಇಂಚಿನ ಪಾಂಡೇರು ಕೊಂಡೆ. ಆಡಿನ ಚರ್ಮ, ಐದು ಕಡೆ ಬಿಲ್ಲೆಗಳ ಜೋಡಿ. ನನ್ನ ಖಂಜಿರದಲ್ಲಿರುವುದು ಬಿಲ್ಲೆ ಕೂರುವ ಒಂದೇ ಸೀಳು. ಖಂಜಿರದಲ್ಲಿ ಎಡಗೈಯ ಮುಖ್ಯ ಕೆಲಸ ಚರ್ಮವನ್ನು ಒತ್ತಿ ಗುಮ್ಕಿ, ಅಂದರೆ ಜಾರುವ ಮಂದ್ರ ನಾದ, ಎಳೆಯುವುದು. ಪಾಂಡೇರುವಿನಲ್ಲಿ ಎಡ ಮಣಿಕಟ್ಟು ವಾದ್ಯವನ್ನೇ ತೂಗಬೇಕು. ಬಲಗೈಯ ಹೆಬ್ಬೆರಳು, ಬೆರಳ ತುದಿ, ಅಂಗೈಯ ಬುಡ, ಮತ್ತೆ ತುದಿ: ಹೀಗೆ ಪೆಟ್ಟು ಬೀಳುವ ಕಡೆಗೆ ಚರ್ಮ ತಾನೇ ಎದುರು ಬರಬೇಕು. ಮೊದಲ ತಿಂಗಳು ಬಲಗೈಯನ್ನಷ್ಟೇ ದುಡಿಸಿದೆ. ಮುಂಗೈ ಊದಿಕೊಂಡಿತು, ಬಿಲ್ಲೆಗಳು ಚಿಲ್ಲರೆ ಡಬ್ಬಿಯಂತೆ ಸದ್ದು ಮಾಡಿದವು. ಆಮೇಲೆ ಹದಿನೈದು ದಿನ ಬಲಗೈಯನ್ನು ಮುಟ್ಟಿಸಲೇ ಇಲ್ಲ. ಎಡಗೈಯಲ್ಲಿ ತೂಗುತ್ತ, ಬರಿಯ ಬಿಲ್ಲೆಗಳಲ್ಲೇ ನಾಲ್ಕು ಸಮ ಅಕ್ಷರ ಕೇಳಿಸುವವರೆಗೆ ಕಾದೆ. ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ ಅರವತ್ತು ಪೆಟ್ಟಿನ ಮೇಲೆ ಹೋಗಲಿಲ್ಲ.

ನಿಜವಾದ ಪೇಚು ನಂತರ. ಸುಜಾನೊ ಶೈಲಿಯಲ್ಲಿ ಆವರ್ತ ಶುರುವಾಗುವುದು ಹೆಬ್ಬೆರಳಿನಿಂದಲ್ಲ, ಬೆರಳ ತುದಿಯಿಂದ. ನಾನು ಮನಸ್ಸಿನಲ್ಲಿ ‘ತಕಧಿಮಿ’ ಎಂದುಕೊಳ್ಳುತ್ತಿದ್ದೆ. ‘ತ’ ಎಂದ ಕೂಡಲೇ ಹೆಬ್ಬೆರಳು ಮುನ್ನುಗ್ಗುತ್ತಿತ್ತು. ಕೊನೆಗೆ ಸೊಲ್ಲನ್ನು ಕೈಯಿಂದ ಬಿಡಿಸಿ ಕಾಲಿಗೆ ಕಟ್ಟಿದೆ: ಪಾದ ಸಮವನ್ನು, ಅಂದರೆ ತಾಳದ ಮೊದಲ ಪೆಟ್ಟನ್ನು, ನೋಡಿಕೊಳ್ಳಲಿ, ಕೈ ತನ್ನ ಪಾಡಿಗೆ ಸುತ್ತಲಿ. ಮೂರು ವಾರದಲ್ಲಿ ಮಂದ್ರದ ಪೆಟ್ಟು ಸಮ ತಪ್ಪಿಸಿ, ಎಡೆಯಲ್ಲಿ ತಾನಾಗಿ ಬೀಳತೊಡಗಿತು. ಆಲ್ಬಮ್ಮಿನ ಗಿಟಾರು ಆ ಎಡೆಯಲ್ಲೇ ಕಾಯುತ್ತಿರುತ್ತದೆ ಎಂಬುದು ಆಗ ಕಿವಿಗೆ ಬಿತ್ತು.

ಮಳೆಗಾಲದಲ್ಲಿ ಚರ್ಮ ಜೋಲುತ್ತದೆ. ಖಂಜಿರಕ್ಕೆ ನಾವೇ ನೀರು ಸವರಿ ಶ್ರುತಿ ಇಳಿಸುವವರಾದ್ದರಿಂದ ಇದನ್ನು ವರವೆಂದುಕೊಂಡೆ. ಅಲ್ಲ. ತುಸು ಹೆಚ್ಚು ಸಡಿಲವಾದರೂ ಬೆರಳ ತುದಿಯ ಪೆಟ್ಟು ಒದ್ದೆ ಬಟ್ಟೆಯಾಗುತ್ತದೆ. ಈಗ ಅಂಚಿನ ತಿರುಪುಗಳನ್ನು ಎದುರುಬದುರಾಗಿ ಕಾಲು ಸುತ್ತಷ್ಟೇ ಬಿಗಿಯುತ್ತೇನೆ.

ಮೊನ್ನೆ ಗಿಟಾರು ನುಡಿಸುವ ಗೆಳೆಯನ ಜೊತೆ ಕುಳಿತೆ. ಐದು ನಿಮಿಷ ಚೆನ್ನಾಗಿಯೇ ಸಾಗಿತು. ಆಮೇಲೆ ಅಭ್ಯಾಸಬಲದಿಂದ ಮೂರು ಸಲ ತೀರ್ಮಾನ, ಅಂದರೆ ಮುಕ್ತಾಯದ ಸೊಲ್ಲುಕಟ್ಟು, ಹೊಡೆದು ಜೋರಾಗಿ ಸಮಕ್ಕೆ ಬಂದು ನಿಲ್ಲಿಸಿಬಿಟ್ಟೆ. ಅವನು ತಲೆಯೆತ್ತಿ, “ಯಾಕೆ ನಿಲ್ಲಿಸಿದಿರಿ? ಹಾಡು ಇನ್ನೂ ಮುಗಿದಿಲ್ಲ” ಎಂದ.