ಇಲಿನಾಯ್‌ಗೆ ಹೊರಟವರಿಗೆ: ಏಪ್ರಿಲ್ ತಿಂಗಳ ಅಣಬೆ ಹುಡುಕಾಟ

ಚಳಿಗಾಲದಲ್ಲಿ ನಾನು ಬೆಂಗಳೂರಿಗೆ ಬಂದೆನೆಂದರೆ, ಅಮೆರಿಕದ ಇಲಿನಾಯ್‌ಗೆ ಹೊರಟ ಕುಟುಂಬಗಳು ಜಯನಗರದ ನಮ್ಮ ಮನೆಗೆ ಬಂದು ಬಾಡಿಗೆ, ಶಾಲೆ, ಹಿಮದ ಬೂಟುಗಳ ಬಗ್ಗೆ ವಿಚಾರಿಸುತ್ತಾರೆ. ಅಲ್ಲಿನ ಏಪ್ರಿಲ್ ತಿಂಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಯುಗಾದಿಯ ವೇಳೆಗೆ ಇಲ್ಲಿ ಹೊಂಗೆ ಚಿಗುರಿ ನೆರಳು ಕೊಡುತ್ತಿರುತ್ತದೆ. ಅಲ್ಲಿ ಮರಗಳು ಇನ್ನೂ ಬೋಳು. ಆಮೇಲೆ ಒಂದೆರಡು ಮಳೆ ಬಿದ್ದು, ನೆಲದ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೊರೆಲ್ ಅಣಬೆ ಏಳುತ್ತದೆ. ನಡು ಇಲಿನಾಯ್‌ನಲ್ಲಿ ಅದರ ಕಾಲ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರಗಳವರೆಗೆ. ನಮ್ಮಲ್ಲಿ ಕಾಶ್ಮೀರ, ಹಿಮಾಚಲದಿಂದ ಗುಚ್ಚಿ ಎಂಬ ಹೆಸರಿನಲ್ಲಿ ಬಂಗಾರದ ಬೆಲೆಗೆ ಬರುವುದೂ ಇದೇ ಕುಲದ ಅಣಬೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಸಂತದ ಪ್ರವಾಸವಿಲ್ಲ. ಅವರ ಕಣ್ಣು ನೆಲಕ್ಕೆ ಹತ್ತಿರ, ದೊಡ್ಡವರಿಗಿಂತ ಮೊದಲು ಅವರಿಗೇ ಕಾಣುತ್ತದೆ.

ಆದರೆ ಒಂದು ಮಾತು. ಅಣಬೆಯ ವಿಷಯದಲ್ಲಿ ಅಲ್ಲಿ ಹೆಚ್ಚು ಅಪಾಯಕ್ಕೆ ಸಿಗುವವನು ಏನೂ ಗೊತ್ತಿಲ್ಲದವನಲ್ಲ, ಊರಿನಲ್ಲಿ ಅಣಬೆ ಕಿತ್ತು ಅಭ್ಯಾಸವಿರುವವನು. ಮಲೆನಾಡಿನಲ್ಲಿ ಹುತ್ತದ ಅಣಬೆ ಕಿತ್ತು ಬೆಳೆದವರಿಗೆ ನಾನು ಇದನ್ನು ಎರಡು ಸಲ ಹೇಳುತ್ತೇನೆ. ಡೆತ್ ಕ್ಯಾಪ್ ಎಂಬ ಮಾರಕ ಅಣಬೆ ಎಳೆಯದಾಗಿದ್ದಾಗ ಭತ್ತದ ಹುಲ್ಲಿನ ಮೇಲೆ ಬೆಳೆಸುವ ಅಣಬೆಯನ್ನು ಹೋಲುತ್ತದೆ. ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಏಷ್ಯಾದಿಂದ ಬಂದ ವಲಸಿಗರು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಇಲಿನಾಯ್ ಕಾಡುಗಳಲ್ಲಿ ಬೇಸಿಗೆಯಿಂದ ಅದರದೇ ಕುಲದ ಅಚ್ಚ ಬಿಳಿಯ ಅಣಬೆ ಏಳುತ್ತದೆ, ವಿಷವೂ ಅದೇ. ಬೇಯಿಸಿದರೆ ಆ ವಿಷ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗುವುದೇ ಆರು ಗಂಟೆಗಳಿಗೂ ತಡವಾಗಿ. ನಡುವೆ ಒಂದು ದಿನ ಹುಷಾರಾದಂತೆ ಕಾಣಿಸಿ, ಆಮೇಲೆ ಯಕೃತ್ತು ಕೈಕೊಡುತ್ತದೆ. ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು, ಬೆಳ್ಳುಳ್ಳಿ ಬಣ್ಣ ಬದಲಿಸದಿದ್ದರೆ ತಿನ್ನಬಹುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಅಜ್ಜಿಯ ಪರೀಕ್ಷೆಗಳನ್ನೆಲ್ಲ ಕೆಂಪೇಗೌಡ ನಿಲ್ದಾಣದಲ್ಲೇ ಬಿಟ್ಟು ವಿಮಾನ ಹತ್ತಿ. ಅವು ಇಲ್ಲಿಯೂ ಸುಳ್ಳೇ.

ಆದ್ದರಿಂದ ಮೊದಲ ವರ್ಷ ಒಂದೇ ಜಾತಿ: ಮೊರೆಲ್. ಟೊಪ್ಪಿಗೆಯ ತುಂಬ ಜೇನುಹುಟ್ಟಿನಂತೆ ಕುಳಿಗಳು. ಉದ್ದಕ್ಕೆ ಸೀಳಿದರೆ ತುದಿಯಿಂದ ಬುಡದವರೆಗೆ ಒಳಗೆ ಪೂರ್ತಿ ಪೊಳ್ಳು. ಸಾಮಾನ್ಯವಾಗಿ ಸಿಗುವ ಹಳದಿ ಮೊರೆಲ್‌ನಲ್ಲಿ ಟೊಪ್ಪಿಗೆಯ ಕೆಳಅಂಚು ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಅದೇ ಕಾಲಕ್ಕೆ ಏಳುವ ಕಳ್ಳ ಮೊರೆಲ್‌ನ ಮೇಲ್ಮೈಯಲ್ಲಿ ಕುಳಿಗಳಿಲ್ಲ, ಕೆಂಗಂದು ಬಣ್ಣದ ಸುಕ್ಕು ಮಡಿಕೆಗಳಿರುತ್ತವೆ. ಸೀಳಿದರೆ ಒಳಗೆ ಹತ್ತಿ ತುಂಬಿದ ಹಾಗೆ ಅಥವಾ ಕೋಣೆ ಕೋಣೆಯಾಗಿ ಕಾಣುತ್ತದೆ. ಕಿತ್ತ ಪ್ರತಿಯೊಂದನ್ನೂ ಸೀಳಿ ನೋಡಿ. ಫೋಟೊ ತೆಗೆದು ಮೊಬೈಲ್ ಆ್ಯಪನ್ನು ಕೇಳುವುದನ್ನು ನಾನು ಗುರುತಿಸುವಿಕೆ ಎಂದು ಒಪ್ಪುವುದಿಲ್ಲ. ಬಲ್ಲವರೊಬ್ಬರ ಜೊತೆ ಹೋಗಿ. ಅವರು ತಮ್ಮ ಖಾಸಾ ಜಾಗ ತೋರಿಸದಿದ್ದರೆ ಬೇಸರ ಬೇಡ, ಅಲ್ಲಿ ಅದು ಮನೆತನದ ಗುಟ್ಟು.

ಜಾಗ ಹುಡುಕಲು ಮರ ಗೊತ್ತಿರಬೇಕು. ಇತ್ತೀಚೆಗೆ ಸತ್ತು ತೊಗಟೆ ಕಳಚುತ್ತಿರುವ ಎಲ್ಮ್ ಮರದ ಬುಡ ಎಲ್ಲಕ್ಕಿಂತ ಒಳ್ಳೆಯದು. ಋತುವಿನ ಆರಂಭದಲ್ಲಿ ಬಿಸಿಲು ಬೀಳುವ ದಕ್ಷಿಣದ ಇಳಿಜಾರು ನೋಡಿ. ಹೊರಡುವ ಮೊದಲು ಒಂದೆರಡು ಭಾನುವಾರ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಎಲೆ ನೋಡದೆ ತೊಗಟೆಯಿಂದಲೇ ಮರ ಗುರುತಿಸುವ ಆಟ ಆಡಿಸಿ. ಅಲ್ಲಿ ಎಲ್ಮ್ ಸಿಗದಿದ್ದರೂ ಕಣ್ಣು ಪಳಗುತ್ತದೆ. ಹಳೆಯ ಸೇಬಿನ ತೋಟಗಳಲ್ಲೂ ಮೊರೆಲ್ ಏಳುತ್ತದೆ, ಆದರೆ ಹಿಂದೆ ಅಲ್ಲಿ ಸೀಸ, ಆರ್ಸೆನಿಕ್ ಬೆರೆತ ಕೀಟನಾಶಕ ಸಿಂಪಡಿಸುತ್ತಿದ್ದರು. ಆ ತೋಟಗಳ ಆಸೆ ಬಿಡಿ.

ಕಾಡು ಎಂದ ಮಾತ್ರಕ್ಕೆ ನುಗ್ಗುವಂತಿಲ್ಲ. ಶಿಕಾಗೊ ಸುತ್ತಲಿನ ಕುಕ್ ಕೌಂಟಿಯ ಅರಣ್ಯ ಪ್ರದೇಶಗಳಲ್ಲಿ ಏನನ್ನೂ ಕೀಳಬಾರದು. ರಾಜ್ಯದ ಹಲವು ಉದ್ಯಾನಗಳಲ್ಲಿ ಮನೆಬಳಕೆಗೆ ಅಣಬೆ ಕೀಳಬಹುದು, ಆದರೆ ಟರ್ಕಿ ಕೋಳಿಯ ಬೇಟೆ ನಡೆಯುವ ಕಡೆ ಮಧ್ಯಾಹ್ನ ಒಂದು ಗಂಟೆಯ ನಂತರವೇ ಪ್ರವೇಶ. ಅಂಥ ಸ್ಥಳಗಳಲ್ಲಿ ಕೆಂಪು, ಬಿಳಿ, ನೀಲಿ ಅಂಗಿ ಬೇಡ. ಗಂಡು ಟರ್ಕಿಯ ತಲೆಯ ಬಣ್ಣಗಳೂ ಅವೇ, ಬಂದೂಕು ಹಿಡಿದವನಿಗೆ ಅನುಮಾನಕ್ಕೆ ಎಡೆಗೊಡಬಾರದು. ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ ಒಳ್ಳೆಯದು. ಮರದ ಮೇಲೆ ನೇರಳೆ ಬಣ್ಣದ ಪಟ್ಟಿ ಕಂಡರೆ ಅದು ಖಾಸಗಿ ಜಮೀನು, ಹಿಂದಿರುಗಿ. ಫಲಕ ಹಾಕಿಲ್ಲವಲ್ಲ ಎಂದು ವಾದಿಸಲು ಬರುವುದಿಲ್ಲ, ಆ ಬಣ್ಣಕ್ಕೆ ಕಾನೂನಿನ ಬಲವಿದೆ.

ಉಣುಗಿನ ಬಗ್ಗೆ ಶಿವಮೊಗ್ಗದ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಮಂಗನ ಕಾಯಿಲೆ ಕಂಡವರು ಅವರು. ಇಲಿನಾಯ್‌ನಲ್ಲಿ ಉಣುಗಿನಿಂದ ಬರುವುದು ಲೈಮ್ ಕಾಯಿಲೆ. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸಿ, ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲಿನ ಹಿಂಬದಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಇನ್ನು ಅಡುಗೆ. ಮೊರೆಲ್ ಅನ್ನು ಹಸಿಯಾಗಿ ತಿನ್ನಲೇಬಾರದು, ಅರೆಬೆಂದದ್ದೂ ಬೇಡ. 2023ರಲ್ಲಿ ಮೊಂಟಾನಾ ರಾಜ್ಯದ ಒಂದು ಉಪಾಹಾರ ಗೃಹದಲ್ಲಿ ಮೊರೆಲ್ ಇದ್ದ ತಿನಿಸು ತಿಂದು 51 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಸೀಳಿ, ತೊಳೆದು, ಬೆಣ್ಣೆಯಲ್ಲಿ ಚೆನ್ನಾಗಿ ಬೇಯುವವರೆಗೆ ಹುರಿಯಿರಿ. ಮೇಲೆ ಉಪ್ಪು, ಒಂದಿಷ್ಟು ಕುಟ್ಟಿದ ಮೆಣಸು. ಗರಂ ಮಸಾಲೆ ಹಾಕುವುದಾದರೆ ಪೇಟೆಯ ಬಟನ್ ಅಣಬೆಯೇ ಸಾಕು, ಇಷ್ಟೆಲ್ಲ ಅಲೆದಾಟ ಯಾಕೆ? ಮೊದಲ ಸಲ ಎರಡು ಮೂರು ತುಂಡು ಮಾತ್ರ ತಿನ್ನಿ, ಜೊತೆಗೆ ವೈನ್ ಬೇಡ. ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡಿ. ಹೆಚ್ಚುಕಡಿಮೆಯಾದರೆ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ಅಮೆರಿಕದ ವಿಷ ನಿಯಂತ್ರಣ ಸಹಾಯವಾಣಿಯ ಸಂಖ್ಯೆ 1-800-222-1222. ಹಗಲು ರಾತ್ರಿ ತೆರೆದಿರುತ್ತದೆ. ಅಲ್ಲಿನ ಸಿಮ್ ಹಾಕಿದ ದಿನವೇ ಅದನ್ನು ಮೊಬೈಲ್‌ನಲ್ಲಿ ಸೇರಿಸಿಟ್ಟುಕೊಳ್ಳಿ.