ಧೂಳಿನ ಸೀಮೆಯಲ್ಲಿ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ಶೋರೂಂ ಬೆಲೆ ಒಂದು ಲಕ್ಷ ದಾಟಿದ ಬೈಕಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್ ಬೇರೆ. 2.80 ಲಕ್ಷದ ಗಾಡಿ ಎಂದಿಟ್ಟುಕೊಳ್ಳಿ, ತೆರಿಗೆಯೇ 50,400 ರೂಪಾಯಿ. ಮೊದಲ ಮಾಲೀಕ ಕಟ್ಟಿದ ಆ ದುಡ್ಡು ಗಾಡಿಯ ಜೊತೆಗೇ ಬರುತ್ತದೆ. ರಾಜ್ಯದೊಳಗೆ ಹೆಸರು ಬದಲಾದರೆ ಮತ್ತೆ ಕಟ್ಟಬೇಕಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ, ಹಾಗಾಗಿ ಎರಡು ವರ್ಷದ ಗಾಡಿಯಲ್ಲಿ ಇನ್ನೂ ಮೂರು ವರ್ಷದ ವಿಮೆ ಉಳಿದಿರುತ್ತದೆ. ಕ್ರ್ಯಾಶ್ ಗಾರ್ಡ್, ಸೈಡ್ ಬಾಕ್ಸ್ ಸ್ಟ್ಯಾಂಡ್, ಎತ್ತರದ ವಿಂಡ್‌ಶೀಲ್ಡ್ ಎಲ್ಲ ಅದರಲ್ಲೇ ಬಂದರೆ ಇನ್ನೂ ಲಾಭ.

ಆದರೆ ಈ ಲೆಕ್ಕ ಎಲ್ಲ ಬೈಕಿಗೂ ಒಂದೇ ಅಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಮೀಟಿಯರ್ 350, ವಿ-ಸ್ಟ್ರಾಮ್ ಎಸ್‌ಎಕ್ಸ್, ಕೆಟಿಎಂ 250 ಅಡ್ವೆಂಚರ್‌ನಂಥ ಗಾಡಿ ಮಾರುವವರು ತಮ್ಮ ಹಳೆ ಬಿಲ್ ತೋರಿಸಿ ಬೆಲೆ ಹೇಳಿದರೆ ಒಪ್ಪಬೇಡಿ. ಇವತ್ತಿನ ಆನ್‌ರೋಡ್ ಬೆಲೆಯ ಕೊಟೇಶನ್ ಶೋರೂಂನಿಂದ ತಂದು ಮುಂದಿಡಿ. 350 ಸಿಸಿ ಒಳಗಿನ ಗಾಡಿಗೆ ಹೊಸದಕ್ಕಿಂತ ಕಾಲು ಭಾಗವಾದರೂ ಕಡಿಮೆಯಾಗದಿದ್ದರೆ ಹೊಸದನ್ನೇ ಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹಿಮಾಲಯನ್ 411, 450, ಇಂಟರ್‌ಸೆಪ್ಟರ್ 650, ವರ್ಸಿಸ್ 650ರಂಥ ದೊಡ್ಡ ಇಂಜಿನ್‌ನಲ್ಲಿ ಸೆಕೆಂಡ್ ಹ್ಯಾಂಡ್‌ನ ಲಾಭ ನಿಜವಾಗಿ ಕೈಗೆ ಸಿಗುತ್ತದೆ.

ಮಾಡೆಲ್ ಆರಿಸುವ ಮುಂಚೆ ರಿಪೇರಿ ಎಲ್ಲಿ ಮಾಡಿಸುತ್ತೀರಿ ಎಂದು ಯೋಚಿಸಿ. ದೊಡ್ಡ ವಿದೇಶಿ ಬ್ರ್ಯಾಂಡಿನ ಗಾಡಿಗೆ ಒಂದು ಸೆನ್ಸರ್ ಹೋದರೆ ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿ.ಮೀ., ರಾಯಚೂರಿನಿಂದ ಹೈದರಾಬಾದ್ ಸುಮಾರು 200 ಕಿ.ಮೀ. ಟೆಂಪೋದಲ್ಲಿ ಹೇರಿಕೊಂಡು ಹೋಗುವ ಬಾಡಿಗೆಯನ್ನೂ ಗಾಡಿಯ ಬೆಲೆಗೆ ಸೇರಿಸಿ ನೋಡಿ.

ಎಷ್ಟು ಓಡಿರಬೇಕು

ಒಂದರಿಂದ ಮೂರು ವರ್ಷ, 5,000ದಿಂದ 20,000 ಕಿ.ಮೀ. — ಇದು ಸರಿಯಾದ ಹದ. ಅದಕ್ಕಿಂತ ಕಡಿಮೆ ಓಡಿದ್ದರೆ ಚಿನ್ನದಂಥ ಗಾಡಿ ಎಂದು ಹಿಗ್ಗಬೇಡಿ. ಎರಡು ವರ್ಷದಲ್ಲಿ 1,800 ಕಿ.ಮೀ. ಮಾತ್ರ ಓಡಿದೆ ಎಂದರೆ ಉಳಿದ ಕಾಲ ನಿಂತೇ ಇತ್ತು ಎಂದರ್ಥ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ; ನೀರು ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂತು ತುಕ್ಕು ಹಿಡಿಸುತ್ತದೆ, ಪೆಟ್ರೋಲ್ ಪಂಪ್ ಮತ್ತು ಇಂಜೆಕ್ಟರ್ ಕೆಡುತ್ತವೆ. ಬ್ಯಾಟರಿ ಸಾಯುತ್ತದೆ, ಮುಂದಿನ ಫೋರ್ಕ್‌ನಲ್ಲಿ (ಶಾಕ್ ಅಬ್ಸಾರ್ಬರ್) ಎಣ್ಣೆ ತಡೆಯುವ ಸೀಲ್ ಒಣಗಿ ಗಡುಸಾಗುತ್ತದೆ. ನಿಂತ ಗಾಡಿಯ ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಹಾಕಿ ಒಳಗೆ ನೋಡಿ, ವಾಸನೆ ನೋಡಿ. ಹಳೆಯ ಪೆಟ್ರೋಲ್ ಹುಳಿಯಾಗಿ, ವಾರ್ನಿಶ್‌ನಂತೆ ನಾರುತ್ತದೆ.

ಮೀಟರ್ ತಿರುಗಿಸಿದ್ದಾರೆಯೇ ಎಂದು ತಿಳಿಯಲು ಚಾಸಿ ನಂಬರ್ ಹಿಡಿದು ಅಧಿಕೃತ ಶೋರೂಂಗೆ ಹೋಗಿ ಸರ್ವಿಸ್ ದಾಖಲೆ ಕೇಳಿ. ಮಾಲೀಕರು ಜೊತೆಗಿದ್ದರೆ ಕೊಡುತ್ತಾರೆ. ಪ್ರತಿ ಸರ್ವಿಸ್‌ನಲ್ಲೂ ಅವತ್ತಿನ ಕಿ.ಮೀ. ಬರೆದಿರುತ್ತದೆ, ಅಂಕಿ ಎಲ್ಲಾದರೂ ಹಿಂದಕ್ಕೆ ಸರಿದಿದ್ದರೆ ಮಾತು ಮುಗಿಯಿತು. ಅದೇ ಸಮಯಕ್ಕೆ ಕಂಪನಿ ವಾಪಸ್ ಕರೆದ ಕೆಲಸ ಬಾಕಿ ಇದೆಯೇ ಎಂದೂ ಕೇಳಿ. 2020 ಡಿಸೆಂಬರ್‌ನಿಂದ 2021 ಏಪ್ರಿಲ್ ನಡುವೆ ತಯಾರಾದ ಕೆಲವು ಮೀಟಿಯರ್, ಕ್ಲಾಸಿಕ್, ಬುಲೆಟ್ ಗಾಡಿಗಳನ್ನು ಇಗ್ನಿಷನ್ ಕಾಯಿಲ್ ಬದಲಿಸಲು ಕರೆಸಿದ್ದರು. ಅದು ಆಗಿದೆಯೇ ಎಂಬುದು ಚಾಸಿ ನಂಬರ್‌ನಿಂದ ತಿಳಿಯುತ್ತದೆ.

ಮೊದಲು ಧೂಳು ನೋಡಿ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗಾಡಿಯ ಆಯಸ್ಸನ್ನು ಕಿಲೋಮೀಟರ್‌ಗಿಂತ ಹೆಚ್ಚು ತಿನ್ನುವುದು ಧೂಳು. ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಅದಿರಿನ ಕೆಂಪು ಧೂಳು. ಕೊಪ್ಪಳದ ಗಿಣಿಗೇರಿ, ಹಿರೇಬಗನಾಳ ಸುತ್ತ ಕಾರ್ಖಾನೆಗಳ ಕಪ್ಪು ಪುಡಿ. ರಾಯಚೂರಿನ ಶಕ್ತಿನಗರದ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ಮೂರೂ ನುಣ್ಣಗಿವೆ, ಮೂರೂ ಲೋಹವನ್ನು ಉಜ್ಜುತ್ತವೆ. ಅದಿರು ಲಾರಿಗಳ ಹಿಂದೆ ದಿನಾ 30 ಕಿ.ಮೀ. ಓಡಿದ 8,000 ಕಿ.ಮೀ. ಗಾಡಿಗಿಂತ, ಹೆದ್ದಾರಿಯಲ್ಲಿ ಉದ್ದಕ್ಕೆ ಓಡಿ ಬಂದ 18,000 ಕಿ.ಮೀ. ಗಾಡಿ ಎಷ್ಟೋ ಪಾಲು ಮೇಲು.

ಏರ್ ಫಿಲ್ಟರ್ ಬಾಕ್ಸ್ ತೆಗೆಸಿ ನೋಡದೆ ಮುಂಗಡ ಕೊಡಬೇಡಿ. ಫಿಲ್ಟರ್‌ನ ಹೊರಮುಖದಲ್ಲಿ ಧೂಳಿರುವುದು ಸಹಜ, ಅದರ ಕೆಲಸವೇ ಅದು. ಫಿಲ್ಟರ್ ತೆಗೆದ ಮೇಲೆ ಇಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆ ಕೆಂಪಾದರೆ ಧೂಳು ಫಿಲ್ಟರ್ ದಾಟಿ ಇಂಜಿನ್ ಒಳಗೆ ಹೋಗಿದೆ. ರಿಂಗ್ ಮತ್ತು ಸಿಲಿಂಡರ್ ಸವೆದಿರುತ್ತವೆ, ಆಯಿಲ್ ಕುಡಿಯಲು ಶುರುಮಾಡುತ್ತದೆ. ಪೇಪರ್ ಫಿಲ್ಟರ್ ಅನ್ನು ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಮತ್ತೆ ಹಾಕುವ ಅಭ್ಯಾಸವೇ ಇದಕ್ಕೆ ಬಹಳ ಸಲ ಕಾರಣ: ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಇಂಥ ಗಾಡಿ ಎಷ್ಟೇ ಸೋವಿಗೆ ಸಿಕ್ಕರೂ ಬಿಟ್ಟುಬಿಡಿ.

ಚೈನಿಗೆ ಹಾಕಿದ ಎಣ್ಣೆ ಮತ್ತು ಅದಿರು ಧೂಳು ಸೇರಿದರೆ ಅರೆಯುವ ಹಿಟ್ಟಾಗುತ್ತದೆ. ಹಿಂದಿನ ಸ್ಪ್ರಾಕೆಟ್‌ನ (ಚೈನ್ ಓಡುವ ಹಲ್ಲುಗಾಲಿ) ಹಿಂಬದಿ ನಡುಮಧ್ಯದಲ್ಲಿ ಚೈನ್ ಹಿಡಿದು ಹೊರಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಪೂರ್ತಿ ಚೈನ್‌ಸೆಟ್ ಬದಲಿಸಬೇಕು. ಸ್ಪ್ರಾಕೆಟ್ ಹಲ್ಲು ಒಂದು ಕಡೆಗೆ ಕೊಕ್ಕಿನಂತೆ ಬಾಗಿದ್ದರೂ ಅಷ್ಟೇ. ಚೈನ್ ಮಾತ್ರ ಹೊಸದು ಹಾಕಿ ಹಳೆ ಸ್ಪ್ರಾಕೆಟ್ ಉಳಿಸಿದ್ದರೆ ಹೊಸ ಚೈನೂ ಬೇಗ ಹೋಗುತ್ತದೆ.

ಮುಂದಿನ ಫೋರ್ಕ್ ಕೊಳವೆ ಮೇಲೆ ಎಣ್ಣೆಯ ಉಂಗುರ ಇದ್ದರೆ ಸೀಲ್ ಹೋಗಿದೆ. ಸೀಲ್ ಬದಲಿಸುವುದು ಸುಲಭ. ಕೊಳವೆಯ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೆ ಮಾತ್ರ ಹೊಸ ಸೀಲೂ ನಿಲ್ಲದು, ಕೊಳವೆಯನ್ನೇ ಬದಲಿಸಬೇಕಾಗುತ್ತದೆ. ಲಿಕ್ವಿಡ್ ಕೂಲ್ಡ್ ಗಾಡಿಯ ರೇಡಿಯೇಟರ್ ರೆಕ್ಕೆಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕಟಾವಿನ ಕಾಲಕ್ಕೆ ಹೊಟ್ಟು, ಹುಳ ಅಲ್ಲಿ ಗಟ್ಟಿಯಾಗಿ ಕೂರುತ್ತವೆ. ಪ್ರೆಷರ್ ವಾಷ್ ಮಾಡಿ ರೆಕ್ಕೆ ಮಡಚಿಸಿದ್ದರೆ ಇನ್ನೂ ಕಷ್ಟ, ಗಾಳಿಯೇ ಹಾಯುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಲ್ಲಿ ತೊಳೆದ ಗಾಡಿಯ ವೈರಿಂಗ್ ಕಪ್ಲರ್ ಒಂದನ್ನು ಬಿಚ್ಚಿ ನೋಡಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಕಂಡರೆ ಮಳೆಗಾಲದಲ್ಲಿ ಕೈಕೊಡುವ ಗಾಡಿ ಅದು.

ಬಿದ್ದಿದೆಯೇ?

ಟೂರಿಂಗ್ ಬೈಕ್ ನಿಂತಲ್ಲೇ ಒಂದೆರಡು ಸಲ ಮಗುಚುವುದು ಸಾಮಾನ್ಯ. ಕ್ರ್ಯಾಶ್ ಗಾರ್ಡ್, ಹ್ಯಾಂಡಲ್ ತುದಿ, ಲಿವರ್ ತುದಿಯ ಗೀರಿಗೆ ಹೆದರಬೇಡಿ. ನೋಡಬೇಕಾದ್ದು ಹ್ಯಾಂಡಲ್ ಪೂರ್ತಿ ತಿರುಗಿದಾಗ ಬಂದು ತಾಗುವ ಸ್ಟಾಪರ್. ಜೋರಾಗಿ ಗುದ್ದಿದ ಗಾಡಿಯಲ್ಲಿ ಅದು ಜಜ್ಜಿರುತ್ತದೆ, ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿರುತ್ತಾರೆ. ಹ್ಯಾಂಡಲ್ ಕೂರುವ ಫ್ರೇಮಿನ ಹೆಡ್ ಪೈಪ್ ಸುತ್ತ ಬಣ್ಣ ಬಿರಿದಿದೆಯೇ ನೋಡಿ. ಹಿಂದೆ ಭಾರದ ಬಾಕ್ಸ್ ಹೊತ್ತ ಗಾಡಿಯಾದರೆ ಸೀಟ್ ತೆಗೆಸಿ, ಅದರ ಕೆಳಗಿನ ಸಬ್‌ಫ್ರೇಮಿನ ಪ್ರತಿ ವೆಲ್ಡಿಂಗನ್ನೂ ಟಾರ್ಚ್‌ನಲ್ಲಿ ನೋಡಿ. ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದು ಬಿರುಕು.

ಮುಂದಿನ ಗಾಲಿ ನೆಲ ಬಿಡುವಂತೆ ಎತ್ತಿಸಿ, ಹ್ಯಾಂಡಲನ್ನು ಒಂದೇ ಬೆರಳಲ್ಲಿ ಎಡಬಲಕ್ಕೆ ತಿರುಗಿಸಿ. ನಡುವೆ ಗುಳಿಗೆ ಬಿದ್ದಂತೆ ಸಿಕ್ಕಿಕೊಂಡರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ. ಹಿಮಾಲಯನ್ 411ರಲ್ಲಿ ಇದು ಬೇಗ ಹೋಗುವ ಭಾಗ. ಬದಲಿಸುವ ಖರ್ಚು ಬೆಲೆಯಲ್ಲಿ ಕಡಿದುಕೊಳ್ಳಿ, ಗಾಡಿ ಬಿಡಬೇಕಿಲ್ಲ. ಹಾಗೇ ಗಾಲಿ ತಿರುಗಿಸಿ, ರಿಮ್ ಅಂಚಿಗೆ ಪೆನ್ಸಿಲ್ ಹಿಡಿಯಿರಿ. ಅಲಾಯ್ ಗಾಲಿ ಗುಂಡಿಗೆ ಬಿದ್ದು ಸೊಟ್ಟಗಾಗಿದ್ದರೆ ಅಂತರ ಕಣ್ಣಿಗೇ ಕಾಣುತ್ತದೆ. ಕಡ್ಡಿಗಾಲಿಯಾದರೆ ಸ್ಕ್ರೂಡ್ರೈವರ್‌ನಿಂದ ಒಂದೊಂದು ಕಡ್ಡಿ ತಟ್ಟಿ. ‘ಟಿಣ್’ ಅನ್ನದೆ ‘ಟಪ್’ ಅಂದದ್ದು ಸಡಿಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2323 ಎಂದರೆ 2023ರ 23ನೇ ವಾರದ ತಯಾರಿ. ಐದು ವರ್ಷ ದಾಟಿದ್ದು ಎಷ್ಟೇ ದಪ್ಪ ಉಳಿದಿದ್ದರೂ ರಾಯಚೂರಿನ ಬೇಸಿಗೆ ಡಾಂಬರಿನ ಮೇಲೆ ನಂಬುವಂಥದ್ದಲ್ಲ. ಬ್ರೇಕ್ ಡಿಸ್ಕ್ ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬ ಅಳತೆಯನ್ನು ಡಿಸ್ಕ್ ಮೇಲೇ ಕೊರೆದಿರುತ್ತಾರೆ.

ಇಂಜಿನ್ ಮತ್ತು ಓಡಿಸಿ ನೋಡುವುದು

ಬೆಳಿಗ್ಗೆ ಹೋಗಿ, ಮೊದಲು ಇಂಜಿನ್‌ಗೆ ಕೈಹಚ್ಚಿ ನೋಡಿ. ಆಗಲೇ ಬೆಚ್ಚಗಿದ್ದರೆ ತಣ್ಣಗಿದ್ದಾಗ ಬರುವ ಸದ್ದನ್ನು ಮುಚ್ಚಿಡಲು ಶುರುಮಾಡಿಟ್ಟಿರಬಹುದು. ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿನ ಇಂಜಿನ್‌ನಿಂದ ಬಂದು ಮಾಯವಾಗುವ ಬಿಳಿ ಹಬೆ ನೀರಾವಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಎಂದರೆ ಪೆಟ್ರೋಲ್ ಹೆಚ್ಚಾಗಿದೆ. ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಇಂಜಿನ್ ತಣಿಸುವ ಕೂಲಂಟ್ ಒಳಗೆ ಸೇರಿದೆ, ಅಲ್ಲಿಂದ ಎದ್ದು ಬನ್ನಿ. ಮಲ್ಟಿಮೀಟರ್ ಒಯ್ಯಿರಿ: ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ರೇಸ್ ಕೊಟ್ಟಾಗ 13.5ರಿಂದ 14.5 ತೋರಿಸಬೇಕು. 14.5 ಮೀರಿ ಏರುತ್ತಿದ್ದರೆ ಚಾರ್ಜಿನ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಏರದೇ ಇದ್ದರೆ ಚಾರ್ಜ್ ಆಗುತ್ತಿಲ್ಲ. ಹೊರಗಿನಿಂದ ಹೆಚ್ಚುವರಿ ಲೈಟ್ ಹಾಕಿಸಿದ ಗಾಡಿಯಲ್ಲಿ ಇದನ್ನು ತಪ್ಪದೆ ನೋಡಿ.

ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು 25–30 ಕಿ.ಮೀ. ಓಡಿಸಿ. ಬಳ್ಳಾರಿ, ಕೊಪ್ಪಳದವರಿಗೆ ರಾಷ್ಟ್ರೀಯ ಹೆದ್ದಾರಿ 67 ಇದೆ, ರಾಯಚೂರಿನವರಿಗೆ 167 ಇದೆ. 80ರ ವೇಗದಲ್ಲಿ ಟಾಪ್ ಗೇರ್‌ನಲ್ಲಿ ಒಮ್ಮೆಲೇ ರೇಸ್ ಕೊಡಿ; ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿವೆ. ಗಾಡಿ ಒಂದೇ ಕಡೆಗೆ ಎಳೆಯುತ್ತಿದೆಯೇ ಗಮನಿಸಿ. ವಾಪಸ್ ಬಂದು ಆಫ್ ಮಾಡದೆ ನಿಲ್ಲಿಸಿ, ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವವರೆಗೆ ಕಾಯಿರಿ. ಮೇ ತಿಂಗಳ ಬಿಸಿಲಲ್ಲಿ ಆ ಫ್ಯಾನ್ ಕೆಲಸ ಮಾಡದಿದ್ದರೆ ಊರಿನ ಒಂದು ಸಿಗ್ನಲ್ ಸಾಕು, ಇಂಜಿನ್ ಕುದಿಯಲು.

ಕಾಗದಪತ್ರ

ನಂಬರ್ ಕೆಎಯಿಂದ ಶುರುವಾಗುತ್ತದೆಯೇ ಎಂಬುದು ನಮ್ಮ ಗಡಿ ಜಿಲ್ಲೆಗಳಲ್ಲಿ ದೊಡ್ಡ ಪ್ರಶ್ನೆ. ಬಳ್ಳಾರಿ 34, ಹೊಸಪೇಟೆ 35, ರಾಯಚೂರು 36, ಕೊಪ್ಪಳ 37, ಬೆಂಗಳೂರಿನದಾದರೂ ತೊಂದರೆಯಿಲ್ಲ. ಆದೋನಿ, ಗದ್ವಾಲ ಕಡೆಯಿಂದ ಬರುವ ಆಂಧ್ರ, ತೆಲಂಗಾಣದ ಎಪಿ, ಟಿಎಸ್, ಟಿಜಿ ನಂಬರ್ ಗಾಡಿಗಳು ಅಗ್ಗ ಕಾಣುತ್ತವೆ. ಅವಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಆ ತೆರಿಗೆ ಕೂಡಿಸಿದ ಮೇಲೂ ಅಗ್ಗ ಎನಿಸಿದರೆ ಮಾತ್ರ ಕೈಹಾಕಿ. ಮಾರುವವರೇ ಎನ್‌ಒಸಿ ತೆಗೆಸಿ ಕೊಡಲಿ; ‘ಆಮೇಲೆ ಮಾಡಿಸಿಕೊಡ್ತೀನಿ ಬಿಡ್ರಿ’ ಅಂದರೆ ದುಡ್ಡನ್ನೂ ಆಮೇಲೆ ಕೊಡಿ.

ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ಬಾಕಿ ದಂಡ, ವಿಮೆ, ಸಾಲದ ನಮೂದು ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದೇ ಹೆಚ್ಚು. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಮೊದಲು ಅದನ್ನು ತೆಗೆಸಬೇಕು. ಬ್ಯಾಂಕಿನ ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ಹೆಸರು ಬದಲಿಗೆ ಫಾರಂ 29 ಮತ್ತು 30. ಆನ್‌ಲೈನ್ ಅರ್ಜಿಗೆ ಮಾರುವವರ ಮೊಬೈಲ್‌ಗೆ ಒಟಿಪಿ ಬರುತ್ತದೆ. ಆರ್‌ಸಿಗೆ ಜೋಡಿಸಿದ ಆ ನಂಬರ್ ಈಗಲೂ ಅವರ ಕೈಯಲ್ಲಿದೆಯೇ ಎಂದು ಮೊದಲೇ ಕೇಳಿ, ಎಷ್ಟೋ ವ್ಯವಹಾರ ಇಲ್ಲಿಯೇ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಒಟಿಪಿ ಕೊಟ್ಟು ಅರ್ಜಿ ಸಲ್ಲಿಕೆಯಾದ ಮೇಲೆಯೇ ಪೂರ್ತಿ ಹಣ ವರ್ಗಾಯಿಸಿ. ಗಾಡಿ ಕೈಸೇರಿದ ದಿನಾಂಕ ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ವಿಮಾ ಕಂಪನಿಗೆ ಅರ್ಜಿ ಕೊಡಿ. ತಡಮಾಡಿದರೆ ನಿಮ್ಮ ಗಾಡಿಗೇ ಆದ ಹಾನಿಗೆ ದುಡ್ಡು ಸಿಗದೆ ಹೋಗಬಹುದು. ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹಳೆ ಮಾಲೀಕರದು, ಗಾಡಿಯ ಜೊತೆ ಬರುವುದಿಲ್ಲ. ಆ ವ್ಯತ್ಯಾಸ ನೀವು ತುಂಬಬೇಕಾಗುತ್ತದೆ.

ಚೌಕಾಸಿ, ಆಮೇಲಿನ ಕೆಲಸ

ಕಂಡ ದೋಷಗಳನ್ನೆಲ್ಲ ಬರೆದುಕೊಂಡು ಶೋರೂಂನ ಬಿಡಿಭಾಗಗಳ ಕೌಂಟರ್‌ನಲ್ಲಿ ಒಂದೊಂದರ ದರ ಕೇಳಿ: ಚೈನ್‌ಸೆಟ್, ಎರಡು ಟೈರ್, ಕೋನ್‌ಸೆಟ್, ಬ್ಯಾಟರಿ, ಕ್ಲಚ್ ಪ್ಲೇಟ್. ಆ ಮೊತ್ತವನ್ನು ಹೇಳಿದ ಬೆಲೆಯಲ್ಲಿ ಕಳೆಯಿರಿ. ಬಾಯಿಮಾತಿನ ಚೌಕಾಸಿಗಿಂತ ಆ ಚೀಟಿಗೆ ಬೆಲೆ ಹೆಚ್ಚು. ಹೊರಗಿನ ಸೈಲೆನ್ಸರ್ ಹಾಕಿದ್ದರೆ ಕಂಪನಿಯ ಸೈಲೆನ್ಸರ್ ಕೊಡುವವರೆಗೆ ಬಿಡಬೇಡಿ, ಪೊಲೀಸರ ದಂಡ ನಿಮ್ಮ ಹೆಸರಿಗೆ ಬರುತ್ತದೆ. ಎರಡನೇ ಕೀ ಕೂಡ ಕೇಳಿ ಪಡೆಯಿರಿ.

ಗಾಡಿ ಮನೆಗೆ ಬಂದ ವಾರದಲ್ಲಿ, ಹಳೆ ಮಾಲೀಕರು ಏನೇ ಹೇಳಿರಲಿ, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಫ್ಲುಯಿಡ್ ಐದನ್ನೂ ಹೊಸದಾಗಿ ಹಾಕಿಸಿ. ಆಮೇಲೆ ದೂರದ ಪ್ರವಾಸಕ್ಕೆ ಮುಂಚೆ ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಗಂಗಾವತಿ, ಹೊಸಪೇಟೆ ಸುತ್ತಿ ಬಳ್ಳಾರಿಗೆ ಮರಳುವ ಇನ್ನೂರು ಚಿಲ್ಲರೆ ಕಿ.ಮೀ. ಹಾದಿಯನ್ನು ಒಂದೇ ದಿನದಲ್ಲಿ ಓಡಿಸಿ. ಪೂರ್ತಿ ಸಾಮಾನು ಹೊತ್ತೇ ಹೋಗಿ. ರಾತ್ರಿ ಬಂದು ನಿಲ್ಲಿಸಿದ ಜಾಗದಲ್ಲಿ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಎಣ್ಣೆಯ ಹನಿ ಇದೆಯೇ ನೋಡಿ, ಆಯಿಲ್ ಮಟ್ಟ ಇಳಿದಿದೆಯೇ ನೋಡಿ, ಬಾಕ್ಸ್ ಸ್ಟ್ಯಾಂಡಿನ ಬೋಲ್ಟ್‌ಗಳನ್ನು ಒಂದೊಂದಾಗಿ ಪಾನಾ ಹಾಕಿ ಬಿಗಿ ಮಾಡಿ.