ಮೆಟ್ ಪೇಪರ್ ಪಾಸಾಗಿದ್ದು ಟೆರೇಸ್ ಮೇಲೆ

ಪೈಲಟ್ ಆಗಲು ಬರೆಯಬೇಕಾದ ಡಿಜಿಸಿಎ (ವಿಮಾನಯಾನ ನಿಯಂತ್ರಕರು) ಪರೀಕ್ಷೆಗಳಲ್ಲಿ ಮೆಟ್, ಅಂದರೆ ಹವಾಮಾನದ್ದು, ಒಂದು ಪೇಪರ್. ಮೊದಲ ಸಲ ಅದರಲ್ಲಿ ನನಗೆ ಬಂದಿದ್ದು 64. ಬೇಕಾಗಿದ್ದು 70. ಗ್ರೌಂಡ್ ಕ್ಲಾಸ್‌ಗೆ ಹತ್ತಿರ ಹತ್ತಿರ 40 ಸಾವಿರ ಕೊಟ್ಟಿದ್ದೆ. ಕ್ವೆಶ್ಚನ್ ಬ್ಯಾಂಕ್ ಎರಡು ಸಲ ಉರು ಹೊಡೆದಿದ್ದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದೇ ತಡ, ತಲೆ ಖಾಲಿ.

ಊರಿಗೆ ವಾಪಸ್ ಬಂದೆ. ನಮ್ಮ ಮನೆ ದೇವನಹಳ್ಳಿ ಹತ್ತಿರ, ಏರ್‌ಪೋರ್ಟ್‌ಗೆ ಎಂಟು ಹತ್ತು ಕಿಲೋಮೀಟರ್. ದಿನಾ ಬೆಳಿಗ್ಗೆ ಟೆರೇಸ್ ಹತ್ತಿ, ಫೋನ್ ನೋಡದೆ ನಾನೇ ಒಂದು ಮೆಟಾರ್ (ಏರ್‌ಪೋರ್ಟ್ ಕೊಡುವ ಸಂಕೇತದ ಹವಾಮಾನ ವರದಿ) ಬರೆಯುವುದು, ಆಮೇಲೆ ನಮ್ಮ ಏರ್‌ಪೋರ್ಟ್‌ನ, ಅಂದರೆ ವಿಓಬಿಎಲ್‌ನ ಮೆಟಾರ್ ತೆಗೆದು ಕೆಂಪು ಪೆನ್‌ನಲ್ಲಿ ತಿದ್ದುವುದು ಅಂತ ಶುರು ಮಾಡಿದೆ. ಬ್ಯಾಚ್‌ಮೇಟ್ ಒಬ್ಬ ಕೇಳಿ ನಕ್ಕ. "ಮಗಾ, ಹಿಂಗೇ ಆಕಾಶ ನೋಡ್ಕೊಂಡು ಕೂತ್ರೆ ಜ್ಯೋತಿಷಿ ಆಗ್ತೀಯ, ಪೈಲಟ್ ಆಗಲ್ಲ."

ವಿಸಿಬಿಲಿಟಿಗೆ, ಅಂದರೆ ಎಷ್ಟು ದೂರ ಕಾಣುತ್ತದೆ ಅನ್ನುವುದಕ್ಕೆ, ಗುರುತುಗಳನ್ನು ಇಟ್ಟುಕೊಂಡೆ. ನೀರಿನ ಟ್ಯಾಂಕ್ 800 ಮೀಟರ್. ಅದು ಕಾಣದಿದ್ದರೆ ಎಫ್‌ಜಿ, ದಟ್ಟ ಮಂಜು. ಟ್ಯಾಂಕ್ ಕಂಡು, ಎರಡು ಕಿಲೋಮೀಟರ್ ದೂರದ ಮೊಬೈಲ್ ಟವರ್ ಕಾಣದಿದ್ದರೆ ಬಹುತೇಕ ಬಿಆರ್, ತೆಳು ಮಂಜು. ನಂದಿ ಬೆಟ್ಟ ಕಂಡರೆ ಕಣ್ಣು ಮುಚ್ಚಿಕೊಂಡು 9999, ಅಂದರೆ ಹತ್ತು ಕಿಲೋಮೀಟರ್ ಅಥವಾ ಜಾಸ್ತಿ.

ಮೊದಲ ಮೂರು ವಾರ ಏನೂ ತಾಳೆಯಾಗಲಿಲ್ಲ. ನಾನು 15 ಡಿಗ್ರಿ ಬರೆದರೆ ಮೆಟಾರ್ 24 ಅನ್ನುತ್ತಿತ್ತು. ಮಂಜು ಕಣ್ಣೆದುರೇ ಇದ್ದರೂ ಅಲ್ಲಿ ವಿಸಿಬಿಲಿಟಿ 6000 ಮೀಟರ್. ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಆರಕ್ಕೆ ಬರೆದಿದ್ದನ್ನು ನಾನು 0600 ಝುಲು (ಗ್ರೀನಿಚ್ ಸಮಯ) ಸಾಲಿನ ಜೊತೆ ಹೋಲಿಸುತ್ತಿದ್ದೆ! ಅದು ನಮ್ಮ ಹನ್ನೊಂದೂವರೆ. ನೋಡಬೇಕಾಗಿದ್ದು 0030. ನಗಬೇಡಿ, ನಿದ್ದೆಗಣ್ಣು. ಇಪ್ಪತ್ತು ಪುಟ ಹರಿದು ಬಿಸಾಡಿದೆ.

ಡ್ಯೂ ಪಾಯಿಂಟ್‌ಗೆ (ಗಾಳಿಯ ತೇವ ನೀರಾಗಲು ಶುರುವಾಗುವ ಉಷ್ಣಾಂಶ) ಅಂತ 4,500 ಕೊಟ್ಟು ಡಿಜಿಟಲ್ ಮೆಷಿನ್ ತರಿಸಿದ್ದೆ. ಎರಡು ತಿಂಗಳಿಗೆ ಸತ್ತಿತು. ಆಮೇಲೆ ಲ್ಯಾಬ್ ಸಾಮಾನಿನ ಅಂಗಡಿಯಿಂದ 150 ರೂಪಾಯಿಯ ಎರಡು ಥರ್ಮಾಮೀಟರ್ ತಂದು, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದೆ. ಎರಡರ ವ್ಯತ್ಯಾಸದಿಂದ ಡ್ಯೂ ಪಾಯಿಂಟ್ ಲೆಕ್ಕ ಸಿಗುತ್ತದೆ. ಅಜ್ಜನ ಪಂಚೆ ತುಂಡು ದಪ್ಪವಾಯಿತು. ಬೋರ್‌ವೆಲ್ ನೀರಿಗೆ ಬಟ್ಟೆ ಗಟ್ಟಿಯಾಯಿತು. ತೆಳು ಮಲ್ ಬಟ್ಟೆ, ಫಿಲ್ಟರ್ ನೀರು, ಪುಟ್ಟ ಫ್ಯಾನ್, ಇಷ್ಟಾದ ಮೇಲೆ ಏರ್‌ಪೋರ್ಟ್ ಲೆಕ್ಕಕ್ಕೂ ನನ್ನದಕ್ಕೂ ಹೆಚ್ಚೆಂದರೆ ಒಂದು ಡಿಗ್ರಿ ವ್ಯತ್ಯಾಸ.

ಜಾಸ್ತಿ ಕಾಡಿದ್ದು ಮಂಜು. ರಾತ್ರಿ ಮಲಗುವಾಗಲೇ ಮಾರನೇ ದಿನದ್ದು ಬರೆದಿಡುತ್ತಿದ್ದೆ. ಡಿಸೆಂಬರ್‌ನಲ್ಲಿ ಒಂದು ದಿನ 17/17, ಅಂದರೆ ಉಷ್ಣಾಂಶ, ಡ್ಯೂ ಪಾಯಿಂಟ್ ಎರಡೂ 17, ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿ ಸೊನ್ನೆ. ಖಂಡಿತ ಮಂಜು ಅಂತ ಬರೆದೆ. ಬೆಳಿಗ್ಗೆ ನೋಡಿದರೆ ನಂದಿ ಬೆಟ್ಟ ಹಲ್ಲು ಕಿರಿಯುತ್ತಿದೆ, ಬೈಕ್ ಸೀಟ್ ಮಾತ್ರ ಒದ್ದೆ. ಗಾಳಿ ಪೂರ್ತಿ ನಿಂತರೆ ತಂಪು ನೆಲಕ್ಕೇ ಅಂಟಿಕೊಂಡು ಇಬ್ಬನಿಯಾಗಿ ಮುಗಿಯುತ್ತದೆ. ಎರಡರಿಂದ ನಾಲ್ಕು ನಾಟ್ (ಗಂಟೆಗೆ ನಾಲ್ಕರಿಂದ ಏಳು ಕಿಲೋಮೀಟರ್) ಗಾಳಿ ಕಲಕಬೇಕು. ಎಂಟು ಹತ್ತು ದಾಟಿದರೆ ಮಂಜು ಎದ್ದು ಸ್ಟ್ರೇಟಸ್ (ತಗ್ಗಿನ ಹಾಳೆಯಂಥ ಮೋಡ) ಆಗುತ್ತದೆ. ಇದು ಪುಸ್ತಕದಲ್ಲೇ ಇದೆ, ನಾನೂ ಓದಿದ್ದೆ. ಒದ್ದೆ ಸೀಟ್ ಮೇಲೆ ಕೂತ ಮೇಲೆ ಮರೆತಿಲ್ಲ. ಶುರುವಿನಲ್ಲಿ ಹತ್ತಕ್ಕೆ ಮೂರು ಸರಿಯಾಗುತ್ತಿತ್ತು, ಜನವರಿ ಕೊನೆಗೆ ಏಳೆಂಟು. ಆ ಏಳೆಂಟಕ್ಕೆ ನೋಟ್‌ಬುಕ್‌ನ ಕೊನೆಯ ಕಾಲಮ್ ಕಾರಣ. ಅದರಲ್ಲಿ ಏನು ಬರೆಯುತ್ತಿದ್ದೆ ಅಂತ ಇಲ್ಲಿ ಹೇಳಲ್ಲ.

ಮಧ್ಯೆ ಕೆಲವು ಸುಮ್ನೆ ಪ್ರಯೋಗಗಳು. ಫೋನಿನ ಬ್ಯಾರೋಮೀಟರ್ ಹಿಡಿದು ನಂದಿ ಬೆಟ್ಟ ಹತ್ತಿದೆ. ಮನೆಯಲ್ಲಿ ಗಾಳಿಯ ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸು ಇದ್ದದ್ದು ಮೇಲೆ 850ಕ್ಕೆ ಬಂತು. ಹತ್ತಿದ ಎತ್ತರವನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ಒಂದು ಹೆಕ್ಟೋಪಾಸ್ಕಲ್‌ಗೆ 30 ಅಡಿಗಿಂತ ಒಂಚೂರು ಜಾಸ್ತಿ. ಆಲ್ಟಿಮೆಟ್ರಿ, ಅಂದರೆ ಒತ್ತಡದಿಂದ ಎತ್ತರ ತೆಗೆಯುವ ಲೆಕ್ಕದ ಭಯ ಅವತ್ತೇ ಹೋಯಿತು. ಏಪ್ರಿಲ್‌ನಲ್ಲಿ ಅಜ್ಜನ ಜೊತೆ ಪಂದ್ಯ. ಅವರು "ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ" ಅಂತ ಮಳೆ ನಕ್ಷತ್ರ ಎಣಿಸುತ್ತಿದ್ದರು. ನಾನು ಸ್ಪ್ರೆಡ್ (ಉಷ್ಣಾಂಶ, ಡ್ಯೂ ಪಾಯಿಂಟ್ ನಡುವಿನ ವ್ಯತ್ಯಾಸ) ಅನ್ನು 400ರಿಂದ ಗುಣಿಸಿ ಮೋಡದ ಬೇಸ್ ಹೇಳುತ್ತಿದ್ದೆ. 34/19 ಇದ್ದರೆ 6000 ಅಡಿ. ಮಧ್ಯಾಹ್ನ ಒಂದಕ್ಕೇ ಕ್ಯುಮುಲಸ್ ಹೂಕೋಸಿನ ಹಾಗೆ ಮೇಲೇಳುತ್ತಿದ್ದರೆ ಸಂಜೆ ಸಿಬಿ (ಗುಡುಗಿನ ಮೋಡ) ಅಂತ ಬರೆಯುತ್ತಿದ್ದೆ. ಕೊನೆಗೆ ಇಬ್ಬರದೂ ಹೆಚ್ಚು ಕಡಿಮೆ ಸಮ. ಅಮ್ಮ ಮಾತ್ರ ಬಟ್ಟೆ ಒಣಹಾಕುವ ಮೊದಲು ನನ್ನನ್ನೇ ಕೇಳುತ್ತಿದ್ದರು.

ಎಲ್ಲಾ ಟೆರೇಸ್‌ನಿಂದ ಬಂತು ಅಂದರೆ ಸುಳ್ಳಾಗುತ್ತದೆ. ಜೆಟ್ ಸ್ಟ್ರೀಮ್, ವೆಸ್ಟರ್ನ್ ಡಿಸ್ಟರ್ಬೆನ್ಸ್, ಐಸಿಂಗ್, ಇವೆಲ್ಲ ದೇವನಹಳ್ಳಿಯಿಂದ ಎಲ್ಲಿ ಕಾಣಬೇಕು? ಉರು ಹೊಡೆದೆ. ಎರಡನೇ ಸಲ 88 ಬಂತು.

ಫ್ಲೈಯಿಂಗ್‌ಗೆ ಹೋದ ಮೇಲೂ ಬಿಡಲಿಲ್ಲ. ನಮ್ಮ ತರಬೇತಿ ವಿಮಾನ ಸೆಸ್ನಾ 152ಗೆ ಆಗ ಗಂಟೆಗೆ 13 ಸಾವಿರದ ಹತ್ತಿರ. ಮೇ ತಿಂಗಳ ಒಂದು ದಿನ ಹನ್ನೆರಡೂವರೆಗೆ ನನ್ನ ಕ್ರಾಸ್ ಕಂಟ್ರಿ (ಬೇರೆ ಊರಿಗೆ ಹಾರುವ ಎಕ್ಸರ್‌ಸೈಜ್) ಇತ್ತು. ದಾರಿಯ ಕಡೆ ನೋಡಿದೆ, ಆಗಲೇ ಹೂಕೋಸು. "ಸರ್, ಇವತ್ತು ಬೇಡ" ಅಂದೆ. ಸರ್ ಒಂಥರಾ ನೋಡಿದರು. ಅದೇ ಜ್ಯೋತಿಷಿ ಅಂದವನು ನನ್ನ ಸ್ಲಾಟ್ ತಗೊಂಡು ಹೊರಟ. 40 ನಿಮಿಷಕ್ಕೆ ವಾಪಸ್. ದಾರಿಗೆ ಅಡ್ಡ ಸಿಬಿ ನಿಂತಿತ್ತಂತೆ. ಎಂಟೂವರೆ ಸಾವಿರ ಹೋಯಿತು, ಎಕ್ಸರ್‌ಸೈಜ್ ಲೆಕ್ಕಕ್ಕೆ ಬರಲಿಲ್ಲ.

ರಾತ್ರಿ ಮೆಸೇಜ್ ಬಂತು: "ಮಗಾ, ಆ ನೋಟ್‌ಬುಕ್ ಫೋಟೊ ಕಳ್ಸೋ." ಕಳಿಸಿದೆ, ಕೊನೆಯ ಕಾಲಮ್ ಮಡಚಿ.